ಅಜ್ಜ ತಂದ ಬಾಬಿಲೋನ್, ಅಜ್ಜಿ ಕಂಡ ರಾವಣ

ಓದುಗರೊಬ್ಬರ ಪ್ರಶ್ನೆ: ನಮ್ಮ ಅಜ್ಜ ಚಿಕ್ಕಮಗಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. 1950ರ ದಶಕದಲ್ಲಿ ದೊರೆ ಎಸ್ಟೇಟ್ ಮಾರಿ ತನ್ನ ಊರಿಗೆ ಹೊರಟಾಗ ಬಂಗಲೆಯ ಸಾಮಾನು ಹರಾಜಿಗೆ ಬಂತಂತೆ. ಮಿಕ್ಕವರು ಮಂಚ, ಮೇಜು ಕೊಂಡರು. ಅಜ್ಜ ಮಾತ್ರ ನಾಲ್ಕಡಿ ಅಗಲದ ಒಂದು ತೈಲಚಿತ್ರ ಹೊತ್ತು ತಂದರು. ದೊಡ್ಡ ಅರಮನೆ, ಮುಗಿಯದ ಕಂಬದ ಸಾಲು, ಇರುವೆಗಳಂತೆ ಜನ, ಎಡಗಡೆ ಗೋಡೆಯ ಮೇಲೆ ಬೆಂಕಿ ಹತ್ತಿದಂಥ ಅಕ್ಷರ. ಅಜ್ಜಿ ಸಾಯುವ ತನಕ ಅದನ್ನು ‘ರಾವಣನ ಆಸ್ಥಾನ’ ಅಂತಲೇ ಕರೆದರು. ಈಗ ಮಗಳು ಹುಡುಕಿ ಇದು ಬೈಬಲಿನ ಬೇಲ್ಶಚ್ಚರ ರಾಜನ ಔತಣ, ಬರೆದವನು ಇಂಗ್ಲೆಂಡಿನ ಚಿತ್ರಕಾರ ಜಾನ್ ಮಾರ್ಟಿನ್, ಇಸವಿ 1820 ಎಂದು ಹೇಳುತ್ತಿದ್ದಾಳೆ. ಒಂದು ಕಡೆ ಬೈಬಲಿನಿಂದ ಬಂದದ್ದು ಅಂತಿದೆ, ಇನ್ನೊಂದು ಕಡೆ ಯಾವುದೋ ಪದ್ಯದಿಂದ ಅಂತಿದೆ. ಚಿತ್ರ ಕಪ್ಪಾಗಿದೆ. ನೆರಳಿರುವ ಕಡೆಯೆಲ್ಲ ಒಣಗಿದ ಕೆರೆಯಂತೆ ಬಿರುಕು ಬಿಟ್ಟಿದೆ. ಭಾವ ಆಲೂಗಡ್ಡೆ ಹೋಳಿನಲ್ಲಿ ಉಜ್ಜು ಅಂತಾರೆ. ಫ್ರೇಮ್ ಅಂಗಡಿಯವರು ತೊಳೆದು, ವಾರ್ನಿಶ್ ಹೊಡೆದು, ಹೊಸದು ಮಾಡಿಕೊಡುತ್ತೇವೆ ಅಂದಿದ್ದಾರೆ. ಇದು ಅಸಲಿಯಾ? ಕೋಟಿ ಬಾಳುತ್ತಾ? ತೊಳೆಸಬಹುದಾ? ಆರು ಫೋಟೊ ಕಳಿಸಿದ್ದೇನೆ.

ಉತ್ತರ:

ಮೊದಲು ಫ್ರೇಮ್ ಅಂಗಡಿಯವರಿಗೆ ಫೋನ್ ಮಾಡಿ, ಸದ್ಯಕ್ಕೆ ಬೇಡ ಅನ್ನಿ. ಮಿಕ್ಕದ್ದನ್ನು ನಿಧಾನವಾಗಿ ಓದಿ.

ನಿಮ್ಮ ಕಾಗದದಲ್ಲಿ ಎದ್ದು ಕಾಣುವ ಪ್ರಶ್ನೆ ಅಸಲಿಯಾ ನಕಲಿಯಾ ಅನ್ನೋದು. ಆದರೆ ನಿಮ್ಮ ನಿಜವಾದ ಆತಂಕ ಬೇರೆ ಅಂತ ನನಗೆ ಅನಿಸಿತು. ಕೈಗೆ ಬಂದಿರುವ ದೊಡ್ಡದೇನನ್ನೋ ನಾವೇ ಹಾಳು ಮಾಡಿಬಿಡುತ್ತೇವೇನೋ ಅನ್ನುವ ಭಯ. ಆ ಭಯ ಸರಿಯಾದದ್ದೇ. ತೈಲಚಿತ್ರಗಳ ರಿಪೇರಿ ಕೆಲಸದಲ್ಲಿ ಇಪ್ಪತ್ತೈದು ವರ್ಷ ಕಳೆದಿದ್ದೇನೆ. ನನ್ನ ಮೇಜಿಗೆ ಬಂದ ಚಿತ್ರಗಳಲ್ಲಿ ಹುಳ ತಿಂದು, ನೀರು ಬಿದ್ದು ಕೆಟ್ಟವಕ್ಕಿಂತ ಪ್ರೀತಿಯಿಂದ ತೊಳೆದು ಕೆಟ್ಟವೇ ಜಾಸ್ತಿ.

ಮೊದಲು ಅಸಲಿ ವಿಚಾರ ಮುಗಿಸೋಣ. ಜಾನ್ ಮಾರ್ಟಿನ್ 1820ರಲ್ಲಿ ಬರೆದ ಮೂಲ ಚಿತ್ರ ಸುಮಾರು ಐದು ಅಡಿ ಎತ್ತರ, ಎಂಟು ಅಡಿ ಅಗಲ. ಅದು ಖಾಸಗಿ ಸಂಗ್ರಹದಲ್ಲಿದೆ. ಹಾಗಾದರೆ ನಾಲ್ಕಡಿಯದು ನಕಲಿ, ಮುಗೀತು ಅನ್ನುವ ಹಾಗೂ ಇಲ್ಲ. ಇದೇ ವಸ್ತುವನ್ನು ಮಾರ್ಟಿನ್ ಚಿಕ್ಕದಾಗಿಯೂ ಬರೆದಿದ್ದ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾ ಕೇಂದ್ರದಲ್ಲಿ ಅರ್ಧ ಅಳತೆಯದೊಂದಿದೆ, ಹಾರ್ಟ್‌ಫರ್ಡ್‌ನ ಮ್ಯೂಸಿಯಮ್ಮಿನಲ್ಲಿ ಇನ್ನೊಂದಿದೆ. ಎಂಟರಲ್ಲಿ ಅರ್ಧ ನಾಲ್ಕು. ನಿಮ್ಮ ಟೇಪಿನ ಅಳತೆ ನೋಡಿದಾಗ ನನಗೂ ಒಂದು ಕ್ಷಣ ಎದೆ ಧಸಕ್ ಅಂತು, ಸುಳ್ಳು ಹೇಳಲ್ಲ.

ಆಮೇಲೆ ನಾಲ್ಕನೇ ಫೋಟೊ ನೋಡಿದೆ. ಅದನ್ನು ನೀವು ಸುಮ್ನೆ ತೆಗೆದು ಕಳಿಸಿದ ಹಾಗಿದೆ, ನನಗೆ ಮಾತ್ರ ಆರರಲ್ಲೂ ಮುಖ್ಯವಾದದ್ದು ಅದೇ. ಚಿತ್ರದ ಬೆನ್ನು. ಕ್ಯಾನ್ವಾಸಿನ ಕೆಳಗಡೆ, ಜೇಡರ ಬಲೆಯ ಪಕ್ಕ, ಮಸುಕಾದ ಒಂದು ಕಪ್ಪು ಮುದ್ರೆ ಇದೆ. ದೊಡ್ಡದು ಮಾಡಿ ನೋಡಿದರೆ ವಿನ್ಸರ್ ಅಂಡ್ ನ್ಯೂಟನ್, ರಾಥ್‌ಬೋನ್ ಪ್ಲೇಸ್ ಎಂದು ಓದಬಹುದು. ಲಂಡನ್ನಿನ ಈ ಬಣ್ಣದ ಕಂಪನಿ ಶುರುವಾದದ್ದೇ 1832ರಲ್ಲಿ. 1820ರ ಚಿತ್ರದ ಬೆನ್ನಿನ ಮೇಲೆ ಆ ಮುದ್ರೆ ಬರಲು ಸಾಧ್ಯವಿಲ್ಲ. ಹಳೇ ಚಿತ್ರದ ಹಿಂದೆ ಇನ್ನೊಂದು ಬಟ್ಟೆ ಅಂಟಿಸಿ ಬಲಪಡಿಸುವ ಪದ್ಧತಿ ಇದೆ. ಆಗ ಹೊಸ ಬಟ್ಟೆಯ ಮುದ್ರೆ ನಮ್ಮನ್ನು ದಾರಿ ತಪ್ಪಿಸಬಹುದು. ನಿಮ್ಮ ಚಿತ್ರದ ಅಂಚಿನಲ್ಲಿ ಮೊಳೆ ಹೊಡೆದ ಕಡೆ ಒಂದೇ ಪದರ ಬಟ್ಟೆ ಕಾಣುತ್ತಿದೆ. ಹಾಗಾಗಿ ಆ ಅನುಮಾನ ಇಲ್ಲ.

ಎರಡನೇ ಸುಳಿವು ಇನ್ನೂ ಸ್ವಾರಸ್ಯದ್ದು. ನಿಮ್ಮ ಚಿತ್ರದ ನಡುವೆ ಒಬ್ಬ ಕೈಯೆತ್ತಿ ಗೋಡೆಯ ಬರಹ ತೋರಿಸುತ್ತಾ ನಿಂತಿದ್ದಾನಲ್ಲ, ಅವನೇ ಪ್ರವಾದಿ ದಾನಿಯೇಲ. ನಿಮ್ಮಲ್ಲಿ ಅವನದು ಗಾಢ ನೀಲಿ ನಿಲುವಂಗಿ. ಮಾರ್ಟಿನ್ ಅವನಿಗೆ ಹಾಕಿದ್ದು ಕಪ್ಪು. ಆ ಚಿನ್ನ, ಕೆಂಪು, ಪಂಜಿನ ಬೆಳಕಿನ ನಡುವೆ ಕಪ್ಪು ಬಟ್ಟೆಯ ಒಬ್ಬನೇ ಮನುಷ್ಯ. ಆ ಜನಜಂಗುಳಿಯಲ್ಲಿ ಅವನು ಎದ್ದು ಕಾಣುವುದೇ ಅದರಿಂದ. ಅಷ್ಟು ಮುಖ್ಯವಾದದ್ದನ್ನು ನಕಲು ಮಾಡಿದವನು ಹೇಗೆ ತಪ್ಪಿದ? ಯಾಕೆಂದರೆ ಅವನ ಕಣ್ಣಮುಂದೆ ಬಣ್ಣವೇ ಇರಲಿಲ್ಲ. ಅವನು ನೋಡಿ ಬರೆದದ್ದು ಕಪ್ಪುಬಿಳುಪಿನ ಅಚ್ಚು.

1826ರಲ್ಲಿ ಮಾರ್ಟಿನ್ ಈ ಚಿತ್ರವನ್ನು ತಾನೇ ಮೆಜೊಟಿಂಟ್ ಅಚ್ಚಾಗಿ ಮಾಡಿದ. ಮೆಜೊಟಿಂಟ್ ಅಂದರೆ ಉಕ್ಕಿನ ತಗಡನ್ನು ಹಲ್ಲಿರುವ ಉಳಿಯಿಂದ ತೂಗಿ ತೂಗಿ ಪೂರ್ತಿ ತರಿತರಿ ಮಾಡುವುದು. ಹಾಗೇ ಮಸಿ ಬಳಿದು ಒತ್ತಿದರೆ ಕಾಗದವೆಲ್ಲ ಮಖಮಲ್ಲಿನಂಥ ಕಪ್ಪು. ಎಲ್ಲಿ ಬೆಳಕು ಬೇಕೋ ಅಲ್ಲಿ ಮಾತ್ರ ಹೆರೆದು ನುಣುಪು ಮಾಡುತ್ತಾ ಹೋಗಬೇಕು. ಕತ್ತಲೆಯಿಂದ ಬೆಳಕನ್ನು ಕೆತ್ತಿ ತೆಗೆಯುವ ಕೆಲಸ ಇದು. ಮಾರ್ಟಿನ್‌ಗೆ ಹೇಳಿ ಮಾಡಿಸಿದ ವಿದ್ಯೆ. ಈ ಅಚ್ಚುಗಳು ಮನೆಮನೆಗೆ ಹೋದವು. ಇಂಗ್ಲಿಷ್ ಕಾದಂಬರಿಕಾರ್ತಿಯರಾದ ಬ್ರಾಂಟೆ ಸೋದರಿಯರು ಬೆಳೆದ ಹಾವರ್ತ್‌ನ ಮನೆಯ ಗೋಡೆಯ ಮೇಲೂ ಮಾರ್ಟಿನ್‌ನ ಅಚ್ಚುಗಳಿದ್ದವು. ಚಿತ್ರ ಕಲಿಯುವವರು, ಹೊಟ್ಟೆಪಾಡಿನ ನಕಲುಗಾರರು ಅವನ್ನು ಮುಂದಿಟ್ಟುಕೊಂಡು ಎಣ್ಣೆ ಬಣ್ಣದಲ್ಲಿ ಬರೆದರು. ಅಚ್ಚಿನಲ್ಲಿ ಕಡುಗಪ್ಪಾಗಿ ಕಾಣುವ ಬಟ್ಟೆ ನೀಲಿಯಿದ್ದೀತು, ಹಸಿರಿದ್ದೀತು, ಮರೂನ್ ಇದ್ದೀತು. ನಿಮ್ಮವನು ನೀಲಿ ಅಂದುಕೊಂಡ.

ನಕಲಿಗೆ ಮಾರ್ಟಿನ್ ಬೇಸತ್ತಿದ್ದ, ಅದು ಬೇರೆ ಮಾತು. 1833ರಲ್ಲಿ ಲಂಡನ್ನಿನ ಕ್ವೀನ್ಸ್ ಬಜಾರಿನಲ್ಲಿ ಯಾರೋ ಇದೇ ಔತಣವನ್ನು 2000 ಚದರ ಅಡಿಯ ಡಯೊರಾಮಾ, ಅಂದರೆ ಬೆಳಕಿನಾಟದ ದೈತ್ಯ ಚಿತ್ರ, ಮಾಡಿ ಟಿಕೆಟ್ ಇಟ್ಟು ತೋರಿಸಿದರು. ತಡೆಯಲು ಹೋದ ಮಾರ್ಟಿನ್‌ಗೆ ಕಾನೂನು ನೆರವಾಗಲಿಲ್ಲ.

ಆದ್ದರಿಂದ ನನ್ನ ಅಂದಾಜು ಇಷ್ಟು. ನಿಮ್ಮದು 1832ರ ನಂತರ, ಬಹುಶಃ 19ನೇ ಶತಮಾನದ ನಡುಭಾಗದಲ್ಲಿ, ಅಚ್ಚು ನೋಡಿ ಬರೆದ ಒಳ್ಳೆಯ ಕೈಯ ನಕಲು. ಮೋಸದ ಮಾಲಲ್ಲ. ಮಾರ್ಟಿನ್‌ನ ಸಹಿ ಹಾಕಿ ಯಾರೂ ಯಾರಿಗೂ ಟೋಪಿ ಹಾಕಿಲ್ಲ. ಕ್ಯಾನ್ವಾಸಿನ ಮೇಲೆ ಬಣ್ಣದ ಅಚ್ಚು ಒತ್ತಿ, ಮೇಲೆ ವಾರ್ನಿಶ್ ಹಾಕಿ ತೈಲಚಿತ್ರದಂತೆ ಕಾಣಿಸುವ ಓಲಿಯೋಗ್ರಾಫ್ ಕೂಡ ಅಲ್ಲ. ಟಾರ್ಚ್ ಓರೆ ಹಿಡಿದು ತೆಗೆದ ಫೋಟೊದಲ್ಲಿ ಕುಂಚದ ಗೀರು, ದೀಪದ ಕುಡಿಯ ಮೇಲಿನ ದಪ್ಪ ಬಣ್ಣದ ಬೊಟ್ಟು ಸ್ಪಷ್ಟವಾಗಿವೆ. ಕೋಟಿಯ ಆಸೆ ಬಿಡಿ. ಬೆಲೆ ಕಟ್ಟುವುದು ನನ್ನ ಕೆಲಸ ಅಲ್ಲ, ಕಟ್ಟುವವರನ್ನು ಕೇಳಿದರೂ ಮುದ್ರೆಯ ಫೋಟೊ ಮೊದಲು ತೋರಿಸಿ. ಒಂದು ಮಾತು ನೆನಪಿರಲಿ. ನೂರು ವರ್ಷ ದಾಟಿದ ಚಿತ್ರ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ವಿದೇಶದ ಹರಾಜಿಗೆ ಕಳಿಸಿಬಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ನೀವಾಗಿ ದೇಶದಿಂದ ಹೊರಗೆ ಸಾಗಿಸುವ ಹಾಗಿಲ್ಲ.

ಈಗ ನಿಮ್ಮ ಮಗಳ ಗೊಂದಲ. ಬೈಬಲಾ, ಪದ್ಯಾ? ಎರಡೂ ಹೌದು, ಆದರೆ ಎರಡೂ ಪೂರ್ತಿ ಅಲ್ಲ.

ಕಥೆ ಬೈಬಲಿನದು. ದಾನಿಯೇಲನ ಪುಸ್ತಕದ 5ನೇ ಅಧ್ಯಾಯ. ಬಾಬಿಲೋನಿನಲ್ಲಿ ಬೇಲ್ಶಚ್ಚರ ಸಾವಿರ ಮಂದಿ ಅಧಿಕಾರಿಗಳಿಗೆ ಔತಣ ಕೊಡುತ್ತಾನೆ. ಅಮಲೇರಿದಾಗ ಜೆರೂಸಲೇಮಿನ ದೇವಾಲಯದಿಂದ ಲೂಟಿ ಮಾಡಿ ತಂದ ಬಂಗಾರದ ಪಾತ್ರೆ ತರಿಸಿ ಅದರಲ್ಲೇ ಕುಡಿಯುತ್ತಾರೆ. ಆಗ ಮನುಷ್ಯನ ಕೈಬೆರಳು ಕಾಣಿಸಿಕೊಂಡು ದೀಪಸ್ತಂಭದ ಎದುರಿನ ಗೋಡೆಯ ಗಾರೆಯ ಮೇಲೆ ಬರೆಯುತ್ತದೆ. ರಾಜನ ಮೊಣಕಾಲು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಆಸ್ಥಾನದ ಪಂಡಿತರಿಗೆ ಓದಲಾಗುವುದಿಲ್ಲ. ದಾನಿಯೇಲ ಬಂದು ಓದುತ್ತಾನೆ, ಮೆನೇ, ಮೆನೇ, ತೆಕೇಲ್, ಉಫರ್ಸಿನ್. ನಿನ್ನ ಆಳ್ವಿಕೆಯ ದಿನ ಎಣಿಸಿಯಾಯಿತು, ನಿನ್ನನ್ನು ತೂಗಿ ನೋಡಿಯಾಯಿತು, ರಾಜ್ಯ ಪಾಲಾಯಿತು. ಅದೇ ರಾತ್ರಿ ರಾಜ ಸಾಯುತ್ತಾನೆ.

ಇಷ್ಟೇ. ಒಂದು ದೀಪ, ಒಂದು ಗೋಡೆ, ನಡುಗುವ ಮೊಣಕಾಲು. ಮೈಲುದ್ದದ ಕಂಬಸಾಲು ಇಲ್ಲ, ಬಾನಿಗೆ ತೆರೆದ ಸಭಾಂಗಣ ಇಲ್ಲ, ಮೋಡದ ನಡುವೆ ಚಂದ್ರ ಇಲ್ಲ, ದೂರದಲ್ಲಿ ಬಾಬೆಲ್ ಗೋಪುರವೂ ಇಲ್ಲ. ಇದೇ ಕಥೆಯನ್ನು 1630ರ ದಶಕದಲ್ಲಿ ಬರೆದ ರೆಂಬ್ರಾಂಟ್ ಬೈಬಲಿಗೆ ಹೆಚ್ಚು ಹತ್ತಿರ ಇದ್ದಾನೆ. ನಾಲ್ಕಾರು ಜನ, ಬೆಚ್ಚಿ ತಿರುಗಿದ ರಾಜ, ಚೆಲ್ಲುತ್ತಿರುವ ದ್ರಾಕ್ಷಾರಸ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆ ಚಿತ್ರದಲ್ಲಿ ಅರಮನೆ ಅನ್ನೋದೇ ಇಲ್ಲ, ಬರೀ ಕತ್ತಲೆ.

ಹಾಗಾದರೆ ಮಾರ್ಟಿನ್‌ನ ಅರಮನೆ ಎಲ್ಲಿಂದ ಬಂತು? ಇಲ್ಲಿ ಪದ್ಯದ ಕಥೆ ಬರುತ್ತದೆ. ಇದನ್ನು ಮಾರ್ಟಿನ್ ತಾನೇ ಮುಂದೆ ಬರೆದಿಟ್ಟಿದ್ದಾನೆ. ಅಮೆರಿಕದ ಚಿತ್ರಕಾರ ವಾಷಿಂಗ್ಟನ್ ಆಲ್‌ಸ್ಟನ್ ಆಗ ಲಂಡನ್ನಿನಲ್ಲಿದ್ದ. ಬೇಲ್ಶಚ್ಚರನ ಔತಣ ಬರೆಯುತ್ತೇನೆ ಎಂದು ತನ್ನ ಕಲ್ಪನೆಯನ್ನು ವಿವರಿಸಿದ. ಮಾರ್ಟಿನ್‌ಗೆ ಅದು ಪೂರ್ತಿ ತಪ್ಪು ಅನಿಸಿತು. ತಾನಾದರೆ ಹೀಗೆ ಬರೆಯುತ್ತೇನೆ ಅಂದ. ಆಲ್‌ಸ್ಟನ್ ಕೋಪ ಮಾಡಿಕೊಳ್ಳಲಿಲ್ಲ. ಕೇಂಬ್ರಿಜ್‌ನಲ್ಲಿ ಟಿ. ಎಸ್. ಹ್ಯೂಸ್ ಅನ್ನುವವರ ಪದ್ಯಕ್ಕೆ ಬಹುಮಾನ ಬಂದಿದೆ, ಅದು ನೀನು ಹೇಳಿದ ಹಾಗೇ ಇದೆ, ಓದು ಅಂದ. ಮಾರ್ಟಿನ್ ಓದಿದ. ಬರೆದೇ ತೀರುತ್ತೇನೆ ಎಂದು ಕೂತ.

ಗಮನಿಸಿದಿರಾ? ಪದ್ಯ ಓದಿ ಚಿತ್ರ ಹೊಳೆದದ್ದಲ್ಲ. ಜಗಳದಲ್ಲಿ ಚಿತ್ರ ಹೊಳೆಯಿತು, ಪದ್ಯ ಧೈರ್ಯ ಕೊಟ್ಟಿತು. ಪದ್ಯದಿಂದ ಸ್ಫೂರ್ತಿ ಪಡೆದ ಚಿತ್ರ ಎಂದು ಪುಸ್ತಕಗಳಲ್ಲಿ ಓದಿದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ. ಆ ಕಾಲದಲ್ಲಿ ಬೇಲ್ಶಚ್ಚರ ಹೇಗೂ ಗಾಳಿಯಲ್ಲಿದ್ದ. ಬೈರನ್ ಕೂಡ 1815ರಲ್ಲಿ ಅವನ ಮೇಲೆ ಪದ್ಯ ಬರೆದಿದ್ದ. ನೆಪೋಲಿಯನ್ ಬಿದ್ದ ವರ್ಷ ಅದು. ಸಿಂಹಾಸನ ಉರುಳುವ ಕಥೆಗೆ ಕೇಳುಗರು ಬೇಕಾದಷ್ಟಿದ್ದರು.

ಆಲ್‌ಸ್ಟನ್ ಪಾಡು ಕೇಳಿದರೆ ಪಾಪ ಅನಿಸುತ್ತೆ. 1817ರಲ್ಲಿ ಶುರು ಮಾಡಿದ ದೊಡ್ಡ ಕ್ಯಾನ್ವಾಸನ್ನು ಸುತ್ತಿಕೊಂಡು ಬಾಸ್ಟನ್ನಿಗೆ ಹೋದ. ತಿದ್ದಿದ, ಅಳಿಸಿದ, ಮತ್ತೆ ಬರೆದ. 1843ರಲ್ಲಿ ಸಾಯುವಾಗಲೂ ಅದು ಮುಗಿದಿರಲಿಲ್ಲ. ಈಗ ಡೆಟ್ರಾಯಿಟ್ ಮ್ಯೂಸಿಯಮ್ಮಿನಲ್ಲಿದೆ. ಮಾರ್ಟಿನ್ ತನ್ನದನ್ನು ಮುಗಿಸಿ 1821ರಲ್ಲಿ ಲಂಡನ್ನಿನ ಬ್ರಿಟಿಷ್ ಇನ್‌ಸ್ಟಿಟ್ಯೂಷನ್‌ನಲ್ಲಿ ತೂಗುಹಾಕಿದ. ಜನ ಮುಗಿಬಿದ್ದರು. ಚಿತ್ರದ ಮುಂದೆ ಕಟಕಟೆ ಕಟ್ಟಬೇಕಾಯಿತು, ಪ್ರದರ್ಶನವನ್ನು ಮೂರು ವಾರ ಮುಂದುವರಿಸಬೇಕಾಯಿತು. 200 ಗಿನಿ (ಆಗಿನ ಇಂಗ್ಲೆಂಡಿನ ಹಣ) ಬಹುಮಾನ ಬಂತು. ಹಿಂದೆ ಅವನಿಗೆ ಗಾಜಿನ ಮೇಲೆ ಚಿತ್ರ ಬರೆಯುವ ಕೆಲಸ ಕೊಟ್ಟಿದ್ದ ವಿಲಿಯಂ ಕಾಲಿನ್ಸ್ ಅದನ್ನು ಕೊಂಡು, ಸ್ಟ್ರಾಂಡ್ ಬೀದಿಯ ತನ್ನ ಅಂಗಡಿಯಲ್ಲಿ ತೋರಿಸಿ ಹಣ ಮಾಡಿದ.

ಎಲ್ಲರೂ ಹೊಗಳಲಿಲ್ಲ. ಇಂಗ್ಲಿಷ್ ಪ್ರಬಂಧಕಾರ ಚಾರ್ಲ್ಸ್ ಲ್ಯಾಮ್ 1833ರ ಒಂದು ಪ್ರಬಂಧದಲ್ಲಿ ಚೆನ್ನಾಗಿ ಜಾಡಿಸಿದ್ದಾನೆ. ಬೈಬಲಿನಲ್ಲಿ ಆ ಕೈಯನ್ನು ಕಂಡದ್ದು ರಾಜ ಅಂತಿದೆ. ನಿನ್ನ ಚಿತ್ರದಲ್ಲಿ ಊರಿಗೆ ಊರೇ ಬೆಚ್ಚಿಬಿದ್ದಿದೆಯಲ್ಲ ಅನ್ನುವುದು ಅವನ ತಕರಾರು. ಓದಿನ ಲೆಕ್ಕದಲ್ಲಿ ಲ್ಯಾಮ್ ಸರಿ. ಆದರೂ ನನಗೆ ಮಾರ್ಟಿನ್ ಇಷ್ಟ. ಭಯ ಅನ್ನುವುದು ಒಬ್ಬನ ಮುಖದಲ್ಲಿ ಇರಬೇಕಾಗಿಲ್ಲ. ಇಡೀ ಕಟ್ಟಡಕ್ಕೇ ಚಳಿಜ್ವರ ಬಂದ ಹಾಗೆ ಬರೆಯಬಹುದು ಎಂದು ತೋರಿಸಿದವನು ಅವನು.

ಇನ್ನು ನಿಮ್ಮ ಅಜ್ಜಿಯ ವಿಷಯ. ಇದನ್ನು ಬರೆಯಲು ನನಗೆ ಬಹಳ ಖುಷಿ. ಪ್ರದರ್ಶನದ ಜೊತೆ ಮಾರ್ಟಿನ್ ಒಂದು ಕಿರುಹೊತ್ತಿಗೆ ಹಂಚಿದ್ದ. ಅದರಲ್ಲಿ, ಸಭಾಂಗಣದ ಒಂದು ಬದಿಯ ಕಟ್ಟಡ ಈಜಿಪ್ಟಿನ ಶೈಲಿ, ಇನ್ನೊಂದು ಬದಿ ಬಹಳ ಪ್ರಾಚೀನವಾದ ಇಂಡಿಯಾದ ಶೈಲಿ, ಬಾಬಿಲೋನ್ ಈ ಎರಡರ ನಡುವೆ ಇದ್ದು ಎರಡೂ ಕಡೆ ಹೋಗಿಬರುವ ಬಳಕೆ ಇದ್ದದ್ದರಿಂದ ಹೀಗೆ ಕಲ್ಪಿಸಿದೆ ಎಂಬ ವಿವರಣೆ ಕೊಟ್ಟಿದ್ದ. ಬಾಬಿಲೋನಿನ ದೊಡ್ಡ ಉತ್ಖನನ ಶುರುವಾದದ್ದು 1899ರಲ್ಲಿ, ಅವನು ಸತ್ತು 45 ವರ್ಷದ ಮೇಲೆ. ಅವನಿಗೆ ನಿಜವಾದ ಬಾಬಿಲೋನ್ ನೋಡಲು ದಾರಿಯೇ ಇರಲಿಲ್ಲ. ಇಂಡಿಯಾದ ಶೈಲಿ ಮಾತ್ರ ಕೈಗೆ ಸಿಗುವಷ್ಟು ಹತ್ತಿರ ಇತ್ತು. ಇಲ್ಲಿ ಸುತ್ತಾಡಿ ಹೋದ ಚಿತ್ರಕಾರ ಥಾಮಸ್ ಡೇನಿಯಲ್ ಇಂಗ್ಲೆಂಡಿನಲ್ಲಿ ಸೆಝಿನ್‌ಕೋಟ್ ಎಂಬ ಮೊಗಲ್ ಗುಮ್ಮಟದ ಬಂಗಲೆಗೆ ಸಲಹೆ ಕೊಟ್ಟಿದ್ದ. ಆ ಬಂಗಲೆಯ ಚಿತ್ರಗಳನ್ನು ಔತಣಕ್ಕೆ ಎರಡು ಮೂರು ವರ್ಷ ಮೊದಲು ಬರೆದು ಅಚ್ಚು ಮಾಡಿದವನು ನಮ್ಮ ಮಾರ್ಟಿನ್ನೇ. ಅಂದಮೇಲೆ ನಿಮ್ಮ ಅಜ್ಜಿ ಆ ದಪ್ಪ ಕಂಬ ನೋಡಿ ಇದು ನಮ್ಮ ಕಡೆಯದು, ರಾವಣನದೇ ಇರಬೇಕು ಅಂದದ್ದು ತೀರಾ ತಪ್ಪೇನಲ್ಲ, ಅಲ್ವಾ? ಸೊಕ್ಕಿದ ರಾಜ, ಬಂಗಾರದ ಊರು, ಬರಲಿರುವ ಕೇಡು. ಕಥೆಯನ್ನೂ ಅವರು ಸರಿಯಾಗೇ ಹಿಡಿದಿದ್ದರು.

ಸರಿ, ಕಪ್ಪು ಮತ್ತು ಬಿರುಕಿನ ವಿಷಯಕ್ಕೆ ಬರೋಣ. ಇಲ್ಲಿ ತಪ್ಪಿದರೆ ತಿದ್ದಲು ಆಗುವುದಿಲ್ಲ.

ಹಳೇ ಚಿತ್ರ ಕಪ್ಪಾಗಲು ಮೂರು ಕಾರಣ, ಮೂರೂ ಬೇರೆ ಬೇರೆ ಪದರದಲ್ಲಿ ಇರುತ್ತವೆ. ಎಲ್ಲಕ್ಕಿಂತ ಮೇಲೆ ಮಸಿ, ಧೂಳು, ಜಿಡ್ಡು. ನಿಮ್ಮ ಮನೆಯಲ್ಲಿ ಚಿತ್ರ ಎಪ್ಪತ್ತು ವರ್ಷ ದೇವರಮನೆ ಪಕ್ಕದ ಗೋಡೆಯಲ್ಲಿತ್ತು ಅನ್ನುವುದು ಐದನೇ ಫೋಟೊದಲ್ಲೇ ಗೊತ್ತಾಗುತ್ತೆ. ಅದರ ಕೆಳಗೆ ವಾರ್ನಿಶ್. ಮರದ ಅಂಟಿನಿಂದ ಮಾಡಿದ್ದು, ಹೊಸದರಲ್ಲಿ ಗಾಜಿನಂತಿದ್ದು ಕಾಲ ಕಳೆದಂತೆ ಜೋನಿಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಇವೆರಡನ್ನು ತಿಳಿದವರು ತೆಗೆಯಬಹುದು. ಮೂರನೆಯದು ಬಣ್ಣದೊಳಗಿನ ಕಪ್ಪು. ಅದನ್ನು ತೆಗೆಯಲು ಹೋದರೆ ಚಿತ್ರವೇ ಹೋಗುತ್ತದೆ.

ನಿಮ್ಮ ಬಿರುಕಿನ ಫೋಟೊ ನೋಡಿ. ಬೆಳಕಿನ ಭಾಗದಲ್ಲಿ ಬಿರುಕು ಕೂದಲೆಳೆಯಷ್ಟು, ಚೂಪು. ಅದು ವಯಸ್ಸಿನದು, ಹೆದರಬೇಡಿ. ಕಂಬಗಳ ನೆರಳಲ್ಲಿ ಮಾತ್ರ ಅಗಲವಾಗಿ, ಅಂಚು ದುಂಡಗಾಗಿ, ಮೊಸಳೆ ಚರ್ಮದ ಹಾಗಿದೆ. ಇದು ಬಿಟುಮೆನ್ ಎಂಬ ಕಂದು ಬಣ್ಣದ ಗುರುತು. ರಸ್ತೆಗೆ ಹಾಕುವ ಡಾಂಬರಿನ ಜಾತಿಯದೇ. 18ನೇ ಶತಮಾನದ ಕೊನೆಯಿಂದ 19ರ ನಡುವಿನ ತನಕ ಇಂಗ್ಲೆಂಡಿನ ಚಿತ್ರಕಾರರು ಇದಕ್ಕೆ ಮರುಳಾಗಿದ್ದರು. ಹೊಸದಾಗಿ ಹಚ್ಚಿದಾಗ ಜೇನಿನಂಥ ಬೆಚ್ಚಗಿನ ಕಂದು, ನೆರಳಿಗೆ ಅದರಂಥ ಬಣ್ಣ ಇನ್ನೊಂದಿಲ್ಲ. ಆದರೆ ಅದು ಎಂದಿಗೂ ಪೂರ್ತಿ ಒಣಗುವುದಿಲ್ಲ. ಮೇಲಿನ ಪದರ ಗಟ್ಟಿಯಾಗುತ್ತದೆ, ಕೆಳಗಿನದು ಹಸಿಯಾಗೇ ಜಾರುತ್ತದೆ, ಮೇಲಿನದು ಹರಿದು ದೂರ ದೂರ ಸರಿಯುತ್ತದೆ. ಡೇವಿಡ್ ವಿಲ್ಕಿಯಂಥ ದೊಡ್ಡವರ ಚಿತ್ರಗಳೇ ಇದರಿಂದ ಹಾಳಾಗಿವೆ. ತಮಾಷೆ ನೋಡಿ, ಬೈಬಲಿನ ಪ್ರಕಾರ ಬಾಬೆಲ್ ಗೋಪುರದ ಇಟ್ಟಿಗೆ ಜೋಡಿಸಲು ಬಳಸಿದ್ದೂ ಇಂಥದೇ ಡಾಂಬರಂಟು. ಅಲ್ಲಿ ಕಟ್ಟಡ ನಿಲ್ಲಿಸಲು ಹಾಕಿದ್ದು ಇಲ್ಲಿ ಕಟ್ಟಡದ ಚಿತ್ರವನ್ನು ಬೀಳಿಸುತ್ತಿದೆ.

ಅಪಾಯ ಏನೆಂದರೆ, ವಾರ್ನಿಶ್ ಯಾವುದರಲ್ಲಿ ಕರಗುತ್ತದೋ ಅದರಲ್ಲೇ ಬಿಟುಮೆನ್ ಕೂಡ ಕರಗುತ್ತದೆ. ಕೆಲಸ ಕಲಿಯುವಾಗ ನಾನೇ ಇದನ್ನು ಮಾಡಿ ನೋಡಿದ್ದೇನೆ. ಒಂದು ಹಳೇ ಚಿತ್ರದ ನೆರಳಿನ ಮೂಲೆಯಲ್ಲಿ ದ್ರಾವಕದ ಹತ್ತಿ ಉರುಳಿಸುತ್ತಿದ್ದೆ. ಹತ್ತಿಗೆ ಕಂದು ಬರುತ್ತಿತ್ತು. ಎಷ್ಟು ಕೊಳೆ ಇದೆಯಪ್ಪಾ ಅಂತ ಹಿಗ್ಗಿ ಇನ್ನೊಂದು ಹತ್ತಿ, ಇನ್ನೊಂದು ಹತ್ತಿ. ಗುರುಗಳು ಹಿಂದಿನಿಂದ ಬಂದು ಕೈ ಹಿಡಿದರು. ಬಳಸಿದ ಹತ್ತಿಗಳನ್ನು ಬಿಳಿ ತಟ್ಟೆಯಲ್ಲಿ ಸಾಲಾಗಿ ಇಡಿಸಿದರು. ಮೊದಲ ನಾಲ್ಕು ಹಳದಿ ಕಂದು. ಐದನೆಯದರಿಂದ ಕೆಂಗಂದು. ಆ ಐದನೆಯದು ಕೊಳೆಯಲ್ಲ, ಚಿತ್ರಕಾರ ಹಚ್ಚಿದ ನೆರಳು. ಒಂದು ಕಾಸಿನಗಲ ಜಾಗ ಹೋಗಿತ್ತು. ಇವತ್ತಿಗೂ ನಾನು ಹತ್ತಿಗಳನ್ನು ಎಸೆಯದೆ ಸಾಲಾಗಿ ಇಟ್ಟುಕೊಂಡೇ ಕೆಲಸ ಮಾಡುತ್ತೇನೆ. ನಿಮ್ಮ ಅಂಗಡಿಯವರು ಒಂದೇ ಬಟ್ಟೆಯಲ್ಲಿ ಇಡೀ ಚಿತ್ರ ಒರೆಸುತ್ತಾರೆ. ಬಟ್ಟೆ ಕಪ್ಪಾದಷ್ಟೂ ಅವರಿಗೆ ಖುಷಿ, ನಿಮಗೂ ಖುಷಿ.

ಭಾವನ ಆಲೂಗಡ್ಡೆ ಬಗ್ಗೆ. ಅದರಲ್ಲಿ ಇರುವುದು ನೀರು ಮತ್ತು ಗಂಜಿ. ನೀರು ಬಿರುಕಿನೊಳಗೆ ಇಳಿದರೆ ಕ್ಯಾನ್ವಾಸಿಗೆ ಮೊದಲು ಹಚ್ಚಿರುವ ಸರೇಸು ಉಬ್ಬುತ್ತದೆ, ಬಣ್ಣ ಹಕ್ಕಳೆಯಾಗಿ ಏಳುತ್ತದೆ. ಗಂಜಿ ಅಲ್ಲೇ ಕೂತು ಮಳೆಗಾಲದಲ್ಲಿ ಬೂಷ್ಟು ಬೆಳೆಸುತ್ತದೆ. ಬ್ರೆಡ್ಡಿನದೂ ಅದೇ ಕಥೆ, ಜೊತೆಗೆ ಜಿರಳೆಗೆ ಔತಣ. ನಿಂಬೆಹಣ್ಣು, ಸೋಪು, ಸೀಮೆಎಣ್ಣೆ ಯಾವುದೂ ಬೇಡ. ಕೊಬ್ಬರಿ ಎಣ್ಣೆ ಸವರಿದರೆ ಎರಡು ದಿನ ಪಳಪಳ ಅನ್ನುತ್ತೆ, ಆಮೇಲೆ ಊರಿನ ಧೂಳೆಲ್ಲ ಅದಕ್ಕೇ.

ನಾವು ಏನು ಬಳಸುತ್ತೇವೆ ಅಂದರೆ ನಗಬೇಡಿ, ಎಷ್ಟೋ ಸಲ ಎಂಜಲು. ಹತ್ತಿ ಸುತ್ತಿದ ಕಡ್ಡಿಯನ್ನು ನಾಲಿಗೆಯಲ್ಲಿ ತುಸು ತೇವ ಮಾಡಿ ಮೇಲಿನ ಮಸಿ ತೆಗೆಯುವುದು ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳಲ್ಲೂ ಇರುವ ಪದ್ಧತಿ. ಅದರಲ್ಲಿರುವ ಕಿಣ್ವ ಕೊಳೆಯನ್ನು ಬಿಡಿಸುತ್ತದೆ. ನೀವು ಮಾಡಬೇಡಿ. ಬಿರುಕಿನ ಪಕ್ಕ ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಬೇಕು ಅನ್ನುವುದು ಕೈಗೆ ಗೊತ್ತಿರಬೇಕು.

ನಿಮ್ಮ ಮುಂದಿರುವ ದಾರಿ ಹೀಗಿವೆ. ಒಂದು, ತೊಳೆಯದೆ ಕಾಪಾಡುವುದು. ನನ್ನನ್ನು ಕೇಳಿದರೆ ಈ ವರ್ಷಕ್ಕೆ ಇದೇ ಸರಿ. ದೇವರಮನೆ ಹೊಗೆಯಿಂದ ದೂರ, ಮಳೆ ಬಡಿಯದ ಒಳಗೋಡೆಗೆ ಸರಿಸಿ. ಮಲೆನಾಡಿನ ಜುಲೈನಲ್ಲಿ ಹೊರಗೋಡೆ ಬೆವರುತ್ತದೆ. ಆ ಬೆವರು ಕ್ಯಾನ್ವಾಸಿಗೆ ತಗಲದ ಹಾಗೆ ಫ್ರೇಮಿನ ಹಿಂದೆ ನಾಲ್ಕೂ ಮೂಲೆಗೆ ಬಾಟಲಿಯ ಕಾರ್ಕು ಕತ್ತರಿಸಿ ಅಂಟಿಸಿ, ಗಾಳಿ ಆಡಲಿ. ಬೆನ್ನಿಗೆ ಒಂದು ತೆಳು ಹಲಗೆ ಹಾಕಿಸಿ, ಕ್ಯಾನ್ವಾಸಿಗೆ ತಾಗಬಾರದು. ಧೂಳನ್ನು ಮೆತ್ತನೆಯ ಒಣ ಕುಂಚದಿಂದ, ಅದೂ ಬಣ್ಣ ಎದ್ದಿಲ್ಲದ ಕಡೆ ಮಾತ್ರ. ಇದರ ತೊಂದರೆ ಒಂದೇ, ಚಿತ್ರ ಕಪ್ಪಾಗೇ ಇರುತ್ತದೆ.

ಎರಡು, ಎದ್ದ ಬಣ್ಣವನ್ನು ಕೂರಿಸಿ ಮೇಲಿನ ಮಸಿ ಮಾತ್ರ ತೆಗೆಸುವುದು. ಅಪಾಯ ಕಡಿಮೆ, ಗುಣ ಕಾಣುತ್ತದೆ. ಆರನೇ ಫೋಟೊದಲ್ಲಿ ರಾಜನ ಕಾಲ ಬಳಿ ಎರಡು ಹಕ್ಕಳೆ ಎದ್ದಿವೆ. ಅವು ಉದುರುವ ಮೊದಲು ಇಷ್ಟಾದರೂ ಮಾಡಿಸಲೇಬೇಕು. ಉದುರಿದರೆ ಕಾಗದದಲ್ಲಿ ಮಡಚಿ ಇಟ್ಟುಕೊಳ್ಳಿ, ಕಸಕ್ಕೆ ಹಾಕಬೇಡಿ.

ಮೂರು, ವಾರ್ನಿಶ್ ತೆಗೆಸುವುದು. ಬೆಳಕಿನ ಭಾಗದಲ್ಲಿ ಆಗಬಹುದು, ನೆರಳಿನಲ್ಲಿ ಬಿಡಬೇಕಾಗಬಹುದು. ಹಾಗೆ ಅರ್ಧ ಬಿಟ್ಟರೆ ಚಿತ್ರ ತೇಪೆ ಹಾಕಿದಂತೆ ಕಾಣುತ್ತದೆ. ಅದಕ್ಕೆ ಎಲ್ಲ ಕಡೆಯೂ ತುಸು ಹಳದಿ ಉಳಿಸಿ ತೆಳುವಾಗಿಸುವ ಕ್ರಮ ಇದೆ. ನಿಧಾನದ, ದುಬಾರಿಯ ಕೆಲಸ. ಮೊದಲು ಮೂಲೆಯಲ್ಲಿ ಬೆರಳುಗುರಿನಷ್ಟು ಜಾಗದಲ್ಲಿ ಪರೀಕ್ಷೆ ಮಾಡಿ ತೋರಿಸಿ ಅನ್ನಿ. ಪರೀಕ್ಷೆ ಬೇಡ, ಅನುಭವ ಇದೆ ಅನ್ನುವವರಿಗೆ ಕೈಮುಗಿದು ಬನ್ನಿ.

ಬಿರುಕು ಮುಚ್ಚಿ ಹೊಸದಾಗಿ ಬಣ್ಣ ತುಂಬಿಸುವುದು ಸದ್ಯಕ್ಕೆ ಬೇಡ. ಎಷ್ಟು ತುಂಬಬೇಕು ಅನ್ನುವುದು ದೊಡ್ಡವರಿಗೂ ತಲೆನೋವು. ಮಾರ್ಟಿನ್‌ನದೇ ಇನ್ನೊಂದು ಚಿತ್ರ, 1822ರ ಪಾಂಪೆ ನಗರದ ನಾಶ, 1928ರಲ್ಲಿ ಥೇಮ್ಸ್ ನದಿ ಉಕ್ಕಿ ಟೇಟ್ ಗ್ಯಾಲರಿಗೆ ನುಗ್ಗಿದಾಗ ಹರಿದುಹೋಯಿತು. ಜ್ವಾಲಾಮುಖಿ ಇದ್ದ ತುಂಡೇ ಇಲ್ಲ. ದಶಕಗಳ ಕಾಲ ಸುತ್ತಿಟ್ಟಿದ್ದರು. 2011ರ ಮಾರ್ಟಿನ್ ಪ್ರದರ್ಶನಕ್ಕೆ ಅದನ್ನು ಎತ್ತಿಕೊಂಡಾಗ, ಅವನೇ ಬರೆದಿದ್ದ ಚಿಕ್ಕ ಪ್ರತಿಯನ್ನು ನೋಡಿ ಆ ಜಾಗ ತುಂಬಿದರು. ಆದರೆ ವಿವರವನ್ನು ಬೇಕೆಂದೇ ಸ್ವಲ್ಪ ಮಸುಕು ಬಿಟ್ಟರು. ದೂರದಿಂದ ಚಿತ್ರ ಪೂರ್ತಿ, ಹತ್ತಿರ ಹೋದರೆ ಯಾವುದು ಮಾರ್ಟಿನ್, ಯಾವುದು ತೇಪೆ ಅಂತ ತಿಳಿಯುತ್ತದೆ. ನಕಲು ಚಿತ್ರಕ್ಕೂ ಅಷ್ಟು ಮರ್ಯಾದೆ ಸಲ್ಲಬೇಕು ಅನ್ನುವವನು ನಾನು.

ತೋರಿಸುವುದಾದರೆ ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇದೆ, ಬೆಂಗಳೂರಿನಲ್ಲಿ ಇಂಟಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಹೋಗುವ ಮೊದಲು ಫೋಟೊ ಕಳಿಸಿ ಮಾತಾಡಿ. ಮಳೆ ನಿಂತ ಮೇಲೆ ಹೊರಡಿ. ಚಿತ್ರ ಇಳಿಸುವಾಗ ಇಬ್ಬರಿರಲಿ, ತಂತಿ ಹಿಡಿದು ಎತ್ತಬೇಡಿ, ಫ್ರೇಮಿನ ಎರಡೂ ಪಕ್ಕ ಹಿಡಿಯಿರಿ. ಬಣ್ಣದ ಮೇಲೆ ಪ್ಲಾಸ್ಟಿಕ್ ಸುತ್ತಬೇಡಿ. ಬಿಟುಮೆನ್ ಬಿಸಿಲಿಗೆ ಮೆತ್ತಗಾಗುತ್ತದೆ, ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನ ಬಿಟ್ಟು ಊಟಕ್ಕೆ ಹೋದರೆ ವಾಪಸು ಬರುವಾಗ ಸುತ್ತಿದ್ದು ಅಂಟಿಕೊಂಡಿರುತ್ತದೆ. ಹಾಗೆ ಬಂದ ಒಂದು ಚಿತ್ರದ ಮೇಲಿಂದ ದಿನಪತ್ರಿಕೆಯ ಹಾಳೆ ಬಿಡಿಸಲು ನನಗೆ ಎರಡು ತಿಂಗಳು ಹಿಡಿಯಿತು.

ಹಾಂ, ಇನ್ನೊಂದು. ಅಜ್ಜ ಯಾವ ಎಸ್ಟೇಟಿನಲ್ಲಿದ್ದರು, ಹರಾಜು ಯಾವ ವರ್ಷ, ಎಷ್ಟು ಕೊಟ್ಟು ತಂದರು, ಅಜ್ಜಿ ಅದನ್ನು ಏನೆಂದು ಕರೆದರು, ಇದನ್ನೆಲ್ಲ ಗೊತ್ತಿರುವವರು ಇರುವಾಗಲೇ ಕೇಳಿ ಒಂದು ಹಾಳೆಯಲ್ಲಿ ಬರೆದು ಲಕೋಟೆಗೆ ಹಾಕಿ. ಲಕೋಟೆಯನ್ನು ಹಿಂದಿನ ಹಲಗೆಗೆ ಸಿಕ್ಕಿಸಿ. ಕ್ಯಾನ್ವಾಸಿಗೆ ಅಂಟಿಸಬೇಡಿ.